ನಾಯಿಯ ಗುದಗ್ರಂಥಿ: ಹಿಂಡುವ ಮೊದಲು ತಿಳಿದಿರಬೇಕಾದದ್ದು

ಅಡಕೆ ಒಣಹಾಕಿದ ಅಂಗಳದಲ್ಲಿ ನಾಯಿಯು ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋದರೆ ಕಾಸರಗೋಡಿನ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಹೊಟ್ಟೆಯಲ್ಲಿ ಹುಳ ಆಗಿದೆ’ ಎಂಬುದು. ಅದೂ ಇರಬಹುದು, ಮಲದಲ್ಲಿ ಅಥವಾ ಬಾಲದ ಬುಡದ ಕೂದಲಿನಲ್ಲಿ ಅಕ್ಕಿಕಾಳಿನ ಗಾತ್ರದ ಬಿಳಿ ತುಣುಕುಗಳು ಕಂಡರೆ ಅದು ಚಿಗಟಗಳಿಂದ ಹರಡುವ ಲಾಡಿಹುಳವೇ ಸರಿ. ಮಳೆಗಾಲದಲ್ಲಿ ಹೆಚ್ಚುವ ಚರ್ಮದ ತುರಿಕೆಯೂ ಇದೇ ಲಕ್ಷಣವನ್ನು ತೋರಬಹುದು. ಆದರೆ ಉಜ್ಜುವುದರ ಜೊತೆಗೆ ನಾಯಿ ಬಾಲದ ಅಡಿಯನ್ನು ಎಡೆಬಿಡದೆ ನೆಕ್ಕುತ್ತಿದ್ದು, ಮಲಗಿದ್ದ ಜಾಗದಲ್ಲಿ ಕೊಳೆತ ಮೀನಿನ ನಾತ ಉಳಿಯುತ್ತಿದ್ದರೆ, ಗುದಗ್ರಂಥಿಗಳ ಕಡೆಗೆ ಗಮನ ಹರಿಸಬೇಕು.

ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ 4 ಮತ್ತು 8 ಗಂಟೆಯ ಸ್ಥಾನಗಳಲ್ಲಿ, ಚರ್ಮದ ಒಳಗೆ, ಎರಡು ಸಣ್ಣ ಚೀಲಗಳಿರುತ್ತವೆ. ಗಟ್ಟಿಯಾದ ಮಲ ಹೊರಬರುವಾಗ ಬೀಳುವ ಒತ್ತಡದಿಂದ ಇವುಗಳಲ್ಲಿನ ದ್ರವ ತಾನಾಗಿಯೇ ಖಾಲಿಯಾಗುತ್ತದೆ. ಮಲ ಸದಾ ಮೆತ್ತಗಿದ್ದರೆ, ನಾಯಿಗೆ ಬೊಜ್ಜು ಬಂದಿದ್ದರೆ ಅಥವಾ ಅಲರ್ಜಿಯಿಂದ ಆ ಭಾಗ ಊದಿಕೊಂಡಿದ್ದರೆ ದ್ರವ ಒಳಗೇ ನಿಂತು ಗಟ್ಟಿಯಾಗುತ್ತದೆ. ಪಗ್, ಡ್ಯಾಶ್‌ಹಂಡ್‌ನಂತಹ ಸಣ್ಣ ತಳಿಗಳಲ್ಲಿ ಈ ತೊಂದರೆ ಹೆಚ್ಚು. ತೊಂದರೆಯೇ ಇಲ್ಲದ ನಾಯಿಯ ಗ್ರಂಥಿಗಳನ್ನು ‘ಸ್ನಾನದ ಜೊತೆಗೆ ಆಗಲಿ’ ಎಂದು ತಿಂಗಳಿಗೊಮ್ಮೆ ಹಿಂಡುವುದು ಅನಗತ್ಯ ಮಾತ್ರವಲ್ಲ, ಅದರಿಂದ ಇಲ್ಲದ ಉರಿಯೂತವನ್ನು ನಾವೇ ತಂದಂತಾಗುತ್ತದೆ.

ಹಿಂಡುವ ಕ್ರಮವನ್ನು ಮೊದಲ ಬಾರಿ ಮೃಗಾಸ್ಪತ್ರೆಯ ವೈದ್ಯರ ಎದುರಿನಲ್ಲಿಯೇ ಕಲಿಯುವುದು ಒಳ್ಳೆಯದು. ಮನೆಯಲ್ಲಿ ಮಾಡುವಾಗ ನಾಯಿಗೆ ಬಾಯಿಕುಕ್ಕೆ ಹಾಕಿ, ಅದಕ್ಕೆ ಸಲುಗೆಯಿರುವ ಒಬ್ಬರು ಮುಂಭಾಗವನ್ನು ಹಿಡಿದುಕೊಳ್ಳಲಿ. ಕೆಲಸ ಬಚ್ಚಲಿನಲ್ಲೋ ಹೊರಗಿನ ನಳ್ಳಿಯ ಬಳಿಯೋ ನಡೆಯಲಿ, ಏಕೆಂದರೆ ಬಟ್ಟೆಗೆ ಸಿಡಿದ ವಾಸನೆ ಒಂದೇ ಒಗೆತಕ್ಕೆ ಹೋಗುವುದಿಲ್ಲ. ಕೈಗವಸು ತೊಟ್ಟು, ಬಾಲವನ್ನು ನೇರವಾಗಿ ಮೇಲೆತ್ತಿ, ಬೆಚ್ಚಗಿನ ನೀರಿನಲ್ಲಿ ಅದ್ದಿದ ದಪ್ಪ ಹತ್ತಿಯನ್ನು ಗುದದ್ವಾರಕ್ಕೆ ಅಡ್ಡವಾಗಿ ಹಿಡಿಯಬೇಕು. ನಂತರ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಎರಡೂ ಬದಿಯ ಗಂಟುಗಳನ್ನು ಗುರುತಿಸಿ, ಅವುಗಳ ಕೆಳಗಿನಿಂದ ದ್ವಾರದ ಕಡೆಗೆ ಮೇಲ್ಮುಖವಾಗಿ ಮೆಲ್ಲನೆ ಒತ್ತಬೇಕು. ಹಳದಿ ಅಥವಾ ಕಂದು ಬಣ್ಣದ ತೆಳು ದ್ರವ ಬಂದರೆ ಚಿಂತೆಯಿಲ್ಲ. ಒಂದೆರಡು ಪ್ರಯತ್ನದಲ್ಲಿ ಏನೂ ಬರದಿದ್ದರೆ ಬಲ ಪ್ರಯೋಗಿಸಬಾರದು; ವೈದ್ಯರು ಬೆರಳನ್ನು ಒಳಗಿಟ್ಟು ಪೂರ್ತಿ ಖಾಲಿ ಮಾಡಬಲ್ಲರು.

ರಕ್ತ ಅಥವಾ ಕೀವು ಬಂದರೆ, ಒಂದು ಬದಿ ಕೆಂಪಾಗಿ ಊದಿದ್ದರೆ, ಮುಟ್ಟಿದೊಡನೆ ನಾಯಿ ಕಿರುಚಿದರೆ ಅಲ್ಲಿಗೇ ಕೈ ತೆಗೆಯಬೇಕು. ಅದು ಸೋಂಕು ಅಥವಾ ಕುರುವಾಗಿದ್ದು, ಒತ್ತಿದರೆ ಒಳಗೇ ಒಡೆಯಬಹುದು. ಅರಿಶಿನ ಬೆರೆಸಿದ ತೆಂಗಿನೆಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಆದರೆ ತೊಂದರೆ ಚರ್ಮದ ಒಳಗಿರುವುದರಿಂದ ಅದು ನಾಯಿಯ ನಾಲಿಗೆಗೆ ಸೇರುವುದಷ್ಟೇ ಲಾಭ. ವೈದ್ಯರು ಚೀಲವನ್ನು ತೊಳೆದು, ಬೇಕಿದ್ದರೆ ಆಂಟಿಬಯೋಟಿಕ್ ಕೊಡುತ್ತಾರೆ. ಮನುಷ್ಯರ ನೋವಿನ ಮಾತ್ರೆಗಳನ್ನು, ಅದರಲ್ಲೂ ಐಬುಪ್ರೊಫೇನ್ ಅನ್ನು, ಎಂದಿಗೂ ಕೊಡಬಾರದು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ; ಹಾಗಾದಲ್ಲಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತೊಂದರೆ ಮರುಕಳಿಸುತ್ತಿದ್ದರೆ ಊಟವನ್ನು ಪರಿಶೀಲಿಸಬೇಕು. ಬರೀ ಅನ್ನ ಮತ್ತು ಮೀನಿನ ಸಾರಿನ ಮೇಲೆ ಬೆಳೆದ ನಾಯಿಗೆ ನಾರಿನಂಶ ಸಿಗುವುದು ಕಡಿಮೆ, ಮೇಲಾಗಿ ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಗೆ ವಿಷಕಾರಿ. ಉಪ್ಪು, ಖಾರವಿಲ್ಲದೆ ಬೇಯಿಸಿದ ಸಿಹಿಗುಂಬಳವನ್ನು ಸಣ್ಣ ನಾಯಿಗೆ ಒಂದೆರಡು ಚಮಚದಂತೆ ದಿನವೂ ಬೆರೆಸಿದರೆ ಮಲ ಗಟ್ಟಿಯಾಗಲು ಸಹಾಯವಾಗುತ್ತದೆ. ಮತ್ತೆ ಮತ್ತೆ ಕುರುವಾಗುವ ನಾಯಿಯಲ್ಲಿ ಗ್ರಂಥಿಗಳನ್ನೇ ಶಸ್ತ್ರಕ್ರಿಯೆಯಿಂದ ತೆಗೆಯುವುದುಂಟು. ಮಲವನ್ನು ತಡೆದುಕೊಳ್ಳುವ ಶಕ್ತಿ ಕುಂದುವ ಅಪಾಯ ಅದರಲ್ಲಿರುವುದರಿಂದ ಅನುಭವಿ ಶಸ್ತ್ರವೈದ್ಯರನ್ನೇ ಹುಡುಕಬೇಕು. ವಯಸ್ಸಾದ ನಾಯಿಯಲ್ಲಿ ಒಂದೇ ಬದಿಗೆ ಹಿಂಡಿದರೂ ಕರಗದ ಗಟ್ಟಿ ಗಂಟಿದ್ದು, ಅದು ಎಂದಿಗಿಂತ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಕ್ಯಾನ್ಸರಿನ ಸಾಧ್ಯತೆಯಿರುವುದರಿಂದ ಆ ವಾರವೇ ತಪಾಸಣೆ ಮಾಡಿಸಬೇಕು.