ಅಂಗನವಾಡಿಗೆ ಬಿಡುವಾಗ ಗಂಟೆ ಹೇಳಬೇಡಿ

ಮಗುವನ್ನು ಹೊಸದಾಗಿ ಅಂಗನವಾಡಿಗೋ ಎಲ್‌ಕೆಜಿಗೋ ಬಿಡುತ್ತಿದ್ದೀರಾ? ಬಾಗಿಲಲ್ಲಿ "ಬೇಗ ಬರ್ತೀನಿ", "ಒಂದು ಗಂಟೆಗೆ ಬರ್ತೀನಿ" ಅನ್ನಬೇಡಿ. "ನೀನು ಅನ್ನ ಉಂಡು ಕೈ ತೊಳೆದ ಮೇಲೆ ಬರ್ತೀನಿ" ಅನ್ನಿ. ಮೂರು ವರ್ಷದ ಮಗುವಿಗೆ ಗಡಿಯಾರ ಗೊತ್ತಿಲ್ಲ. ಹಾಡು ಆದಮೇಲೆ ಆಟ, ಆಟ ಆದಮೇಲೆ ಊಟ ಅನ್ನೋದು ಮಾತ್ರ ಕೆಲವೇ ದಿನದಲ್ಲಿ ತಿಳಿಯುತ್ತದೆ. ತಟ್ಟೆ ಸದ್ದು ಕೇಳಿದರೆ ಸಾಕು, ಅಮ್ಮ ಬರುವ ಹೊತ್ತಾಯಿತು ಅಂತ ಲೆಕ್ಕ. ಆ ಧೈರ್ಯ ಬಂದ ಮೇಲೆಯೇ ಮಗು ಅಳು ಬಿಟ್ಟು ಬೇರೆ ಮಕ್ಕಳ ಕಡೆ ನೋಡುವುದು, ಜಾರುಬಂಡೆ ಹತ್ತಿರ ತನ್ನ ಸರದಿಗೆ ಕಾಯುವುದು, ಕೈಲಿದ್ದ ಚೆಂಡು ಇನ್ನೊಬ್ಬರಿಗೆ ಕೊಡುವುದು. ತೋಟದ ನಡುವಿನ ಒಂಟಿ ಮನೆಗಳಲ್ಲಿ ಬೆಳೆಯುವ ನಮ್ಮ ಕೊಡಗಿನ ಮಕ್ಕಳಿಗೆ ಸಿಗದಿರುವುದು ಬೇರೆ ಮಕ್ಕಳ ಈ ಒಡನಾಟವೇ ಅಲ್ವಾ? ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡುವವರು ಈ ಮಾತನ್ನೂ ಅದರಲ್ಲೇ ಹೇಳಿ. ಕನ್ನಡವನ್ನು ಅಲ್ಲಿನ ಮಕ್ಕಳೇ ಕಲಿಸುತ್ತಾರೆ.

ಹೇಳಿದ ಹೊತ್ತಿಗೆ ನೀವು ಹೋಗದಿದ್ದರೆ ಇದು ಕೆಲಸ ಮಾಡುವುದಿಲ್ಲ. ಎರಡು ಸಲ ತಪ್ಪಿದರೆ ಮೂರನೇ ದಿನ ಸೆರಗು ಬಿಡುವುದೇ ಇಲ್ಲ. ಮಳೆಗಾಲದಲ್ಲಿ ದಾರಿಗೆ ಮರ ಬೀಳಬಹುದು, ಕಾಫಿ ಕುಯ್ಲಿನ ಸಮಯದಲ್ಲಿ ಕುಯ್ದ ಹಣ್ಣಿನ ತೂಕ ಮುಗಿಯುವಾಗ ಕತ್ತಲಾಗಬಹುದು. ಅಂಥ ದಿನಗಳಲ್ಲಿ "ನಾನು ಇಲ್ಲಾಂದ್ರೆ ಅಜ್ಜಿ ಬರ್ತಾರೆ" ಅಂತ ಮೊದಲೇ ಹೇಳಿಡಿ, ಟೀಚರಿಗೂ ತಿಳಿಸಿ. ಕಣ್ಣು ತಪ್ಪಿಸಿ ಓಡಿಬರುವವರಿಗೂ ಇದು ಫಲಿಸದು. ತಿಂಗಳು ಕಳೆದರೂ ಮಗು ಅಲ್ಲಿ ಊಟ ಮುಟ್ಟದೆ ದಿನವಿಡೀ ಅತ್ತರೆ ಕಾರಣ ಬೇರೆ ಇರಬಹುದು, ಟೀಚರ್ ಹತ್ತಿರ ಕೂತು ಮಾತಾಡಿ.