ಡೆಕೊರೇಟರ್ ಹಾಕಿದ ಮೇಲೂ ಫಂಕ್ಷನ್‌ಗೆ ಅದರದೇ ಹೆಸರು

ನನ್ನ ಕೈಗೆ ಬಂದ ಒಂದು ಫ್ಲಾಸ್ಕ್ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಬರೆಯುವ ಫ್ರೇಮ್‌ವರ್ಕ್) ಆ್ಯಪ್‌ನಲ್ಲಿ ಲಾಗಿನ್ ಆಗಿದೆಯಾ ಅಂತ ನೋಡುವ ಡೆಕೊರೇಟರ್ ಇತ್ತು, ಅಂದರೆ ಇನ್ನೊಂದು ಫಂಕ್ಷನ್ ಅನ್ನು ಸುತ್ತಿ ಅದಕ್ಕೆ ಹೆಚ್ಚಿನ ಕೆಲಸ ಸೇರಿಸುವ ಫಂಕ್ಷನ್. ಅದನ್ನು ಒಂದೇ ವ್ಯೂಗೆ (ಒಂದು ಪುಟವನ್ನು ಕೊಡುವ ಫಂಕ್ಷನ್‌ಗೆ) ಹಾಕಿದ್ದರು. ಇನ್ನೊಂದಕ್ಕೂ ಹಾಕಿದೆ, ಆ್ಯಪ್ ಶುರುವೇ ಆಗಲಿಲ್ಲ. ‘ವ್ರ್ಯಾಪರ್’ ಅನ್ನುವ ಎಂಡ್‌ಪಾಯಿಂಟ್ (ವ್ಯೂ ಗುರುತಿಸಲು ಫ್ಲಾಸ್ಕ್ ಇಟ್ಟುಕೊಳ್ಳುವ ಹೆಸರು) ಆಗಲೇ ಇದೆ ಅಂತ ಎರರ್.

ನಾವಾಗಿ ಹೆಸರು ಕೊಡದಿದ್ದರೆ ಫ್ಲಾಸ್ಕ್ ಫಂಕ್ಷನ್‌ನ __ನೇಮ್__ ನೋಡಿ ಎಂಡ್‌ಪಾಯಿಂಟ್‌ಗೆ ಅದನ್ನೇ ಇಡುತ್ತದೆ. ಡೆಕೊರೇಟರ್ ವಾಪಸ್ ಕೊಡುವುದು ಒಳಗೆ ಬರೆದ ವ್ರ್ಯಾಪರ್ ಫಂಕ್ಷನ್ ಅನ್ನು. ಎರಡು ವ್ಯೂ, ಒಂದೇ ಹೆಸರು. ಫಂಕ್ಷನ್‌ನ ವಿವರಣೆ, ಅಂದರೆ ಡಾಕ್‌ಸ್ಟ್ರಿಂಗ್ ಕೂಡ ಮಾಯವಾಗಿತ್ತು, ಯಾರೂ ಗಮನಿಸಿರಲಿಲ್ಲ ಅಷ್ಟೇ.

ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್‌ನಿಂದ ವ್ರ್ಯಾಪ್ಸ್ ಇಂಪೋರ್ಟ್ ಮಾಡಿ, ಒಳಗಿನ ಫಂಕ್ಷನ್ ಮೇಲೆ @ವ್ರ್ಯಾಪ್ಸ್(ಫಂಕ್) ಅಂತ ಒಂದು ಸಾಲು ಹಾಕಿದೆ. ಪೈಥಾನ್ 2.5ರಿಂದಲೂ ಇದು ಇದೆ. __ನೇಮ್__, __ಕ್ವಾಲ್‌ನೇಮ್__, __ಮಾಡ್ಯೂಲ್__, __ಡಾಕ್__ ಇವೆಲ್ಲ ಮೂಲ ಫಂಕ್ಷನ್‌ನಿಂದ ನಕಲಾಗುತ್ತವೆ. ಡೆಕೊರೇಟರ್‌ಗೇ ಆರ್ಗ್ಯುಮೆಂಟ್ ಇದ್ದು ಮೂರು ಪದರ ಆದರೂ ಈ ಸಾಲು ಹೋಗುವುದು ತೀರಾ ಒಳಗಿನದಕ್ಕೇ. ಎಂಡ್‌ಪಾಯಿಂಟ್ ಹೆಸರು ಬದಲಾದ್ದರಿಂದ, ಟೆಂಪ್ಲೇಟ್‌ನಲ್ಲಿ ಹಳೆಯ ‘ವ್ರ್ಯಾಪರ್’ ಹೆಸರಿಗೆ ಮಾಡಿದ್ದ ಲಿಂಕ್‌ಗಳನ್ನೂ ಹುಡುಕಿ ತಿದ್ದಬೇಕಾಯಿತು.

ಆದರೆ ವ್ರ್ಯಾಪ್ಸ್ ಬದಲಿಸುವುದು ಹೊರಗಿನ ಹೆಸರುಚೀಟಿಯನ್ನು ಮಾತ್ರ. ಕೋಡ್ ಆಬ್ಜೆಕ್ಟ್, ಅಂದರೆ ಪೈಥಾನ್ ಓಡಿಸುವ ಕೋಡ್, ಹಳೆಯ ಹೆಸರಿನದೇ. ಹಾಗಾಗಿ ಎರರ್ ಬಂದಾಗ ಕಾಣುವ ಟ್ರೇಸ್‌ಬ್ಯಾಕ್‌ನಲ್ಲಿ ‘ವ್ರ್ಯಾಪರ್’ ಸಾಲು ಹಾಗೇ ಬರುತ್ತದೆ. ಯಾವ ಫಂಕ್ಷನ್‌ಗೆ ಎಷ್ಟು ಸಮಯ ಹಿಡಿಯಿತು ಅಂತ ಅಳೆಯುವ ಸಿಪ್ರೊಫೈಲ್ ಓಡಿಸಿದರೆ ಆ ಡೆಕೊರೇಟರ್ ಹಾಕಿದ ಎಲ್ಲ ಫಂಕ್ಷನ್‌ಗಳ ವ್ರ್ಯಾಪರ್ ಲೆಕ್ಕವೂ ಒಂದೇ ಸಾಲಿಗೆ ಬೀಳುತ್ತದೆ. ಯಾವುದು ನಿಧಾನ ಅಂತ ತಿಳಿಯಲು ಮೂಲ ಫಂಕ್ಷನ್‌ಗಳ ಸಾಲನ್ನೇ ನೋಡಬೇಕು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು __ವ್ರ್ಯಾಪ್ಡ್__. ಪೈಥಾನ್ 3.2ರಿಂದ ವ್ರ್ಯಾಪ್ಸ್ ಇದನ್ನು ತಾನೇ ಸೇರಿಸುತ್ತದೆ. ಮೂಲ ಫಂಕ್ಷನ್ ಇದರಲ್ಲಿ ಸಿಗುತ್ತದೆ. ಸೋತರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸುವ ಡೆಕೊರೇಟರ್ ಇದ್ದರೆ, ಟೆಸ್ಟ್‌ನಲ್ಲಿ ಸುಮ್ನೆ ಕಾಯುವುದು ಯಾಕೆ ಅಲ್ವಾ? __ವ್ರ್ಯಾಪ್ಡ್__ ಮೂಲಕ ಒಳಗಿನದನ್ನು ನೇರವಾಗಿ ಕರೆಯುತ್ತೇನೆ.

ಪೈಥಾನ್‌ನ ಹೆಲ್ಪ್‌ನಲ್ಲಿ ಮೂಲ ಪ್ಯಾರಾಮೀಟರ್‌ಗಳು ಕಾಣುವುದೂ ಇದರಿಂದಲೇ. ಇಲ್ಲೊಂದು ತೊಡಕಿದೆ. ನನ್ನ ಇನ್ನೊಂದು ಡೆಕೊರೇಟರ್ ಡೇಟಾಬೇಸ್ ಕನೆಕ್ಷನ್ ಅನ್ನು ತಾನೇ ಮೊದಲ ಆರ್ಗ್ಯುಮೆಂಟ್ ಆಗಿ ಕೊಡುತ್ತದೆ. ಕರೆಯುವವರು ಅದನ್ನು ಕೊಡಬಾರದು. ಆದರೆ ಹೆಲ್ಪ್ ಮಾತ್ರ ಕನೆಕ್ಷನ್ ಕೊಡಿ ಅನ್ನುವ ಹಾಗೆ ತೋರಿಸುತ್ತಿತ್ತು. ಅದಕ್ಕೆ ಇನ್‌ಸ್ಪೆಕ್ಟ್ ಮಾಡ್ಯೂಲ್‌ನಿಂದ ಸಿಗ್ನೇಚರ್ (ಪ್ಯಾರಾಮೀಟರ್‌ಗಳ ಪಟ್ಟಿ) ತೆಗೆದುಕೊಂಡು, ಮೊದಲ ಪ್ಯಾರಾಮೀಟರ್ ಬಿಟ್ಟು, ಉಳಿದದ್ದನ್ನು ವ್ರ್ಯಾಪರ್‌ನ __ಸಿಗ್ನೇಚರ್__ಗೆ ಇಟ್ಟೆ. ಅದು ಇದ್ದರೆ ಪೈಥಾನ್ __ವ್ರ್ಯಾಪ್ಡ್__ ಕಡೆಗೆ ಹೋಗುವುದಿಲ್ಲ. ಈಗ ಹೆಲ್ಪ್‌ನಲ್ಲಿ ಕಾಣುವುದು ನಿಜವಾಗಿ ಕೊಡಬೇಕಾದ ಆರ್ಗ್ಯುಮೆಂಟ್‌ಗಳು ಮಾತ್ರ.