ಹಳೆಯ ಬೆಳ್ಳಿ ಪೆನ್ನು: ಮೊದಲು ನಿಬ್ಬು, ಆಮೇಲೆ ಬೆಳ್ಳಿ

ಕೆ.ಜಿ.ಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯ ತಾಯಿಯೊಬ್ಬರು ಮೂರು ವರ್ಷಗಳ ಹಿಂದೆ ಹಳೆಯ ಕನ್ನಡಕದ ಡಬ್ಬಿಯೊಂದನ್ನು ನನ್ನ ಕೈಗಿತ್ತರು. ಒಳಗೆ ಇದ್ದಿಲಿನಂತೆ ಕಪ್ಪಾದ ಒಂದು ಪೆನ್ನು. ಅವರ ಯಜಮಾನರು ಚಿನ್ನದ ಗಣಿಯ ಲೆಕ್ಕಪತ್ರ ವಿಭಾಗದಲ್ಲಿದ್ದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಮೇಲೆ ಆ ಪೆನ್ನಿಗೆ ಶಾಯಿ ತುಂಬಿದವರಿಲ್ಲ. ‘ಆಭರಣದ ಅಂಗಡಿಯಲ್ಲಿ ತಕ್ಕಡಿಗೆ ಹಾಕಿ ಬೆಲೆ ಹೇಳಿದರು. ತೂಕಕ್ಕೆ ಕೊಡಲು ಮನಸ್ಸು ಬರಲಿಲ್ಲ. ನೀವು ಬರೆಯುವವರು, ತೆಗೆದುಕೊಳ್ಳಿ’ ಎಂದರು. ಬಿಟ್ಟಿ ಪಡೆಯಲು ನನಗೂ ಮನಸ್ಸು ಒಪ್ಪಲಿಲ್ಲ. ಅಂಗಡಿಯವರು ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ತಂದೆ. ಈ ಲೇಖನದ ಕರಡು ಬರೆದದ್ದು ಅದೇ ಪೆನ್ನಿನಲ್ಲಿ.

ಹಳೆಯ ಬೆಳ್ಳಿ ಪೆನ್ನು ಕೊಳ್ಳಬೇಕೆಂದಿರುವವರಿಗೆ ಮತ್ತು ಅಜ್ಜನ ಬೀರುವಿನಲ್ಲಿ ಸಿಕ್ಕಿದ ಪೆನ್ನನ್ನು ಏನು ಮಾಡುವುದೆಂದು ತಿಳಿಯದವರಿಗೆ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಒಂದು ಮಾತು ಮೊದಲೇ ಇರಲಿ: ಇದು ಬರೆಯುವ ವಸ್ತು. ಬೆಳ್ಳಿ ಎಷ್ಟು ಗ್ರಾಂ ಇದೆ ಎಂಬ ಲೆಕ್ಕದಿಂದ ಶುರು ಮಾಡಿದವರು ಬಹುಮಟ್ಟಿಗೆ ತಪ್ಪು ಪೆನ್ನು ತರುತ್ತಾರೆ.

ನಿಬ್ಬಿನ ಪರೀಕ್ಷೆ

ಅಕ್ಕಸಾಲಿಗರು ಕಣ್ಣಿಗಿಟ್ಟುಕೊಳ್ಳುವ ಮಸೂರ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಸಾಧಾರಣ ಭೂತಗನ್ನಡಿಯೂ ನಡೆಯುತ್ತದೆ. ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಬ್ಬಿನ ತುದಿಯನ್ನು ಎದುರಿನಿಂದ ನೋಡಿ. ಸೀಳಿನ ಎರಡೂ ಬದಿಯ ತುದಿಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಕಾಗದ ಕೆರೆಯುತ್ತದೆ. ಇದನ್ನು ಬಲ್ಲವರು ಸರಿಪಡಿಸಬಲ್ಲರು. ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಮಣಿ ಕಾಣುತ್ತದೆ. ಅದನ್ನು ಇರಿಡಿಯಂ ಎಂದು ಕರೆಯುವ ರೂಢಿ ಇದ್ದರೂ ಅದು ಹೆಚ್ಚಾಗಿ ಆಸ್ಮಿಯಂ, ರುಥೇನಿಯಂನಂಥ ಗಟ್ಟಿ ಲೋಹಗಳ ಮಿಶ್ರಣ. ಚಿನ್ನ ಮೆತ್ತಗಿನ ಲೋಹ. ಕಾಗದದ ಉಜ್ಜಾಟವನ್ನು ತಾಳುವುದು ಈ ಮಣಿ. ಇದು ಒಂದು ಬದಿಯಲ್ಲಿ ಉದುರಿಹೋಗಿದ್ದರೆ ಪೆನ್ನು ಎಷ್ಟೇ ಚೆಂದವಿರಲಿ, ಅಲ್ಲೇ ಇಟ್ಟು ಬನ್ನಿ.

ಹಿಂದಿನವರ ಕೈಯಲ್ಲಿ ಮಣಿ ಒಂದು ಕೋನಕ್ಕೆ ಸವೆದಿರಬಹುದು. ಇನ್ನೊಬ್ಬರು ಬರೆದ ಪೆನ್ನು ನಮ್ಮ ಕೈಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ತುಸು ಸವೆದ ನಿಬ್ಬು ಬೆಣ್ಣೆಯ ಮೇಲೆ ಓಡಿದಂತೆ ಓಡುತ್ತದೆ. ಪೆನ್ನನ್ನು ಬೆರಳುಗಳ ನಡುವೆ ಕೊಂಚ ತಿರುಗಿಸಿ ಅದು ಇಷ್ಟಪಡುವ ಕೋನವನ್ನು ಹುಡುಕಿಕೊಂಡರೆ ಸಾಕು.

ಕನ್ನಡ ಬರೆಯುವವರು ನಿಬ್ಬಿನ ದಪ್ಪವನ್ನೂ ನೋಡಬೇಕು. ನಮ್ಮ ಅಕ್ಷರಗಳಲ್ಲಿ ಸುಳಿ ಹೆಚ್ಚು, ಕೆಳಗೆ ಒತ್ತಕ್ಷರ ಬೇರೆ. ದಪ್ಪ ನಿಬ್ಬಿನಲ್ಲಿ ‘ಈ’ಯ ಒಳಗಣ್ಣು ಮುಚ್ಚಿಹೋಗುತ್ತದೆ, ‘ಜ್ಞ’ ಒಂದು ಮಸಿಯ ಚುಕ್ಕೆಯಾಗುತ್ತದೆ. ಕೊಳ್ಳುವ ಮುನ್ನ ನಿಬ್ಬನ್ನು ಶಾಯಿಯಲ್ಲಿ ಅದ್ದಿ ‘ಈಶ್ವರ’, ‘ವಿಜ್ಞಾನ’ ಎಂದು ನೋಟುಪುಸ್ತಕದ ಒಂದು ಗೆರೆಯೊಳಗೆ ಬರೆದುನೋಡಿ. ಕಣ್ಣುಗಳೆಲ್ಲ ತೆರೆದಿದ್ದರೆ ಆ ನಿಬ್ಬು ನಿಮ್ಮದು. ಬರೆಯುವಾಗ ಒತ್ತಬೇಡಿ. ಬಾಲ್‌ಪೆನ್ನಿನ ಒತ್ತಡವನ್ನು ಚಿನ್ನದ ನಿಬ್ಬು ತಾಳುವುದಿಲ್ಲ.

ಬೆಳ್ಳಿಯೇ ಹೌದೇ?

ಸ್ಟರ್ಲಿಂಗ್ ಎಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗಾದ್ದರಿಂದ ಗಟ್ಟಿತನಕ್ಕೆ ಈ ಬೆರಕೆ. ಮುಚ್ಚಳ ಮತ್ತು ಕೊಳವೆ ಎರಡರ ಮೇಲೂ ಗುರುತು ಹುಡುಕಿ. ಅಮೆರಿಕದ ಪೆನ್ನುಗಳಲ್ಲಿ ‘ಸ್ಟರ್ಲಿಂಗ್’ ಎಂಬ ಪದವನ್ನೇ ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಕೆಲವು ದೇಶಗಳಲ್ಲಿ 925 ಎಂಬ ಅಂಕಿ. ಬ್ರಿಟನ್ನಿನ ಪೆನ್ನಾದರೆ ಸಾಲಾಗಿ ಪುಟ್ಟ ಮುದ್ರೆಗಳು: ತಯಾರಕರ ಅಕ್ಷರಗಳು, ನಡೆಯುತ್ತಿರುವ ಸಿಂಹ, ಊರಿನ ಗುರುತು, ವರ್ಷ ಸೂಚಿಸುವ ಒಂದು ಅಕ್ಷರ. ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಹಡಗಿನ ಲಂಗರು. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ ಎಂದು ನನಗೂ ಮೊದಲು ಅನುಮಾನ ಬಂದಿತ್ತು. ಅದು ನಿಜವಾದ ಮುದ್ರೆಯೇ.

‘ಜರ್ಮನ್ ಸಿಲ್ವರ್’ ಎಂಬುದರಲ್ಲಿ ಹೆಸರಿಗಷ್ಟೇ ಬೆಳ್ಳಿ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಇ.ಪಿ.ಎನ್.ಎಸ್ ಎಂದಿದ್ದರೆ ಅಂಥ ಲೋಹದ ಮೇಲೆ ಬೆಳ್ಳಿಯ ಲೇಪ ಹಾಕಿದ್ದಾರೆ ಎಂದರ್ಥ. ಲೇಪದ ಪೆನ್ನಿನಲ್ಲಿ ಅಂಚು ಸವೆದ ಕಡೆ ಒಳಗಿನ ಲೋಹದ ಬಣ್ಣ ಇಣುಕುತ್ತದೆ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ನಮ್ಮ ಹಿರಿಯರ ಮನೆಗಳಲ್ಲಿ ಬಹಳ ಸಿಗುವ ಪೆನ್ನು. ಅದರ ಮಂದ ಹೊಳಪಿನ ಮುಚ್ಚಳವನ್ನು ಬೆಳ್ಳಿ ಎಂದು ಹೇಳಿ ಮಾರುವುದುಂಟು. ಬೆಳ್ಳಿಯ ಮುಚ್ಚಳದವೂ ಇವೆ, ಆದರೆ ಬಹುಪಾಲು ಸ್ಟೀಲಿನವು.

ಅನುಮಾನ ತೀರದಿದ್ದರೆ ಲೋಹ ಪರೀಕ್ಷಿಸುವ ಯಂತ್ರವಿರುವ ಕಡೆ ತೋರಿಸಿ. ಅದು ಎಕ್ಸ್‌ರೇ ಕಿರಣದಿಂದ ಮೇಲ್ಪದರವನ್ನು ಓದುತ್ತದೆ, ಗಾಯ ಮಾಡುವುದಿಲ್ಲ. ಮೇಲ್ಪದರವನ್ನಷ್ಟೇ ಓದುವುದರಿಂದ ಮುದ್ರೆಯನ್ನೂ ಸವೆದ ಅಂಚುಗಳನ್ನೂ ಜೊತೆಗಿಟ್ಟು ನೋಡಬೇಕು. ಒರೆಗಲ್ಲಿಗೆ ಹಚ್ಚಲು ಮಾತ್ರ ಬಿಡಬೇಡಿ. ಬಳೆಯ ಒಳಮೈ ಉಜ್ಜಿದರೆ ಯಾರಿಗೂ ಕಾಣದು. ಪೆನ್ನಿಗೆ ಹಾಗೆ ಮರೆಯ ಜಾಗವಿಲ್ಲ.

ಮೊದಲ ಪೆನ್ನಿಗೆ ಯಾವುದು?

ನನ್ನ ಉತ್ತರ ಪಾರ್ಕರ್ 75. ಚಾಂಪಿಯನ್ ರೀಫಿನ ಪೆನ್ನೂ ಅದೇ ಆಗಿತ್ತೆಂಬ ಮಮತೆ ಇದರಲ್ಲಿ ಇಲ್ಲವೆನ್ನಲಾರೆ, ಆದರೆ ಕಾರಣಗಳೂ ಇವೆ. ಕಂಪನಿ 1888ರಲ್ಲಿ ಶುರುವಾದದ್ದು. 75 ವರ್ಷ ತುಂಬಿದ ನೆನಪಿಗೆ ಈ ಹೆಸರು. 1964ರಲ್ಲಿ ಅಮೆರಿಕದಲ್ಲಿ ಇದರ ಬೆಲೆ 25 ಡಾಲರ್. ಬೆಳ್ಳಿಯ ಮೈಮೇಲೆ ಚೌಕುಳಿಯಂತೆ ಅಡ್ಡ ಉದ್ದ ಗೀರುಗಳು, 14 ಕ್ಯಾರೆಟ್ ಚಿನ್ನದ ನಿಬ್ಬು. ಬೆರಳು ಹಿಡಿಯುವ ಭಾಗ ಮೂರು ಮೂಲೆಯದು. ನಿಬ್ಬನ್ನು ನಿಮ್ಮ ಕೈಯ ಓರೆಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಕಾರ್ಟ್ರಿಜ್ (ಶಾಯಿ ತುಂಬಿಯೇ ಬರುವ ಪುಟ್ಟ ನಳಿಕೆ) ಅಥವಾ ಕನ್ವರ್ಟರ್‌ನಿಂದ (ಬಾಟಲಿಯ ಶಾಯಿಯನ್ನು ಹೀರಿಕೊಳ್ಳುವ, ಬಿಚ್ಚಿ ತೆಗೆಯಬಹುದಾದ ನಳಿಕೆ) ನಡೆಯುವ ಪೆನ್ನು. ಇನ್ನೂ ಹಳೆಯ ಪೆನ್ನುಗಳಂತೆ ಒಳಗೆ ಶಾಯಿ ತುಂಬುವ ರಬ್ಬರ್ ಚೀಲ ಕೊಳೆತಿದೆಯೇ ಎಂಬ ಚಿಂತೆ ಇಲ್ಲ.

ಈ ಮಾದರಿಯ ಒಂದು ಕಥೆ ನನಗೆ ಬಹಳ ಇಷ್ಟ. 1715ರಲ್ಲಿ ಫ್ಲಾರಿಡಾದ ತೀರದಲ್ಲಿ ಸ್ಪೇನಿನ ಹಡಗುಪಡೆಯೊಂದು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಿಂದ ಮೇಲೆತ್ತಿದ ಬೆಳ್ಳಿಯನ್ನು ಕರಗಿಸಿ 1965ರಲ್ಲಿ 4,821 ಪೆನ್ನುಗಳನ್ನು ಮಾಡಿದರು. ಅವು ಸಂಗ್ರಾಹಕರ ಪಾಲು. ಬರೆಯುವವರಿಗೆ ಸಾಮಾನ್ಯ 75 ಸಾಕು.

ಇನ್ನೂ ಹಳೆಯ, ಪಕ್ಕದಲ್ಲಿ ಸಣ್ಣ ಸನ್ನೆಕಡ್ಡಿಯಿರುವ ಪೆನ್ನು ಸಿಕ್ಕರೆ ಆ ಕಡ್ಡಿಯನ್ನು ಬಲವಂತವಾಗಿ ಎತ್ತಬೇಡಿ. ಒಳಗಿನ ರಬ್ಬರ್ ಚೀಲ ಹಪ್ಪಳದಂತೆ ಒಣಗಿರುತ್ತದೆ. ಹೊಸ ಚೀಲವನ್ನು ಅರಗಿನ ದ್ರಾವಣದಿಂದ ಅಂಟಿಸುತ್ತಾರೆ. ಬಲ್ಲವರ ಕೈಗೆ ಕೊಡಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ನಿಬ್ಬಿನ ಎದುರು ಮತ್ತು ಪಕ್ಕದ ಚಿತ್ರ, ಮುದ್ರೆಯ ಹತ್ತಿರದ ಚಿತ್ರ ಕೇಳಿ. ಕೊನೆಯ ಬಾರಿ ಶಾಯಿ ತುಂಬಿ ಬರೆದದ್ದು ಯಾವಾಗ ಎಂದೂ ಕೇಳಿ. ಹೊರದೇಶದಿಂದ ತರಿಸಿದರೆ ಸುಂಕದ ಹಣವನ್ನು ಬೇರೆ ತೆಗೆದಿಟ್ಟಿರಿ. ಕೊಳವೆಯ ಮೇಲೆ ಯಾರದೋ ಹೆಸರು ಕೆತ್ತಿದ್ದರೆ ಬೆಲೆ ಇಳಿಯುತ್ತದೆ. ನಾನು ಅಂಥದ್ದನ್ನು ಸಂತೋಷದಿಂದ ಕೊಳ್ಳುತ್ತೇನೆ. ಹೆಸರನ್ನು ಉಜ್ಜಿ ಅಳಿಸಿದ ಪೆನ್ನು ಬೇಡ. ಅಲ್ಲಿ ಬೆಳ್ಳಿ ತೆಳುವಾಗಿರುತ್ತದೆ.

ಮನೆಗೆ ತಂದ ಮೊದಲ ದಿನ

ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ನಿಬ್ಬಿರುವ ಭಾಗವನ್ನು ಮಾತ್ರ ಮುಳುಗಿಸಿಡಿ. ಬಿಸಿನೀರು, ಸ್ಪಿರಿಟ್ ಬೇಡ. ಹಳೆಯ ಪ್ಲಾಸ್ಟಿಕ್, ರಬ್ಬರ್ ಕೆಡುತ್ತವೆ. ನನ್ನ ಪೆನ್ನನ್ನು ಹೀಗಿಟ್ಟಾಗ ಮೊದಲ ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ನಿಬ್ಬಿನ ಸೀಳಿನಿಂದ ಕೂದಲಿನಷ್ಟು ತೆಳುವಾದ ನೀಲಿ ಎಳೆಯೊಂದು ಕೆಳಗಿಳಿದು ಲೋಟದ ತಳದಲ್ಲಿ ಸುರುಳಿ ಸುತ್ತಿಕೊಂಡಿತು. ಇಪ್ಪತ್ತು ವರ್ಷಕ್ಕೂ ಹಿಂದೆ ತುಂಬಿದ ಶಾಯಿ ಅದು. ಎರಡು ದಿನದಲ್ಲಿ ಏಳು ಸಲ ನೀರು ಬದಲಿಸಿದೆ. ನೀರು ತಿಳಿಯಾದ ಮೇಲೆ ಹತ್ತಿಯ ಬಟ್ಟೆಯ ಮೇಲೆ ನಿಬ್ಬು ಕೆಳಗಾಗಿ ನಿಲ್ಲಿಸಿ ಒಂದು ರಾತ್ರಿ ಒಣಗಲು ಬಿಡಿ.

ಇನ್ನು ಹೊರಮೈ. ಇಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಹಬ್ಬದ ಹಿಂದಿನ ದಿನ ದೀಪ, ಕುಂಕುಮದ ಬಟ್ಟಲು ಬೆಳಗುವ ಹಾಗೆ ಪೆನ್ನನ್ನೂ ಹಲ್ಲುಪುಡಿ ಹಾಕಿ ಹಳೆಯ ಬ್ರಷ್ಷಿನಿಂದ ತಿಕ್ಕಿದೆ. ಮುಚ್ಚಳ ಪಳಪಳ ಹೊಳೆಯಿತು. ಆದರೆ ಗೀರುಗಳೊಳಗಿನ ಕಪ್ಪೂ ಎದ್ದುಹೋಗಿತ್ತು. ಆ ಕಪ್ಪು ಕೊಳೆಯಲ್ಲ. ಚೌಕುಳಿ ಎದ್ದು ಕಾಣಲೆಂದು ತಯಾರಕರೇ ಗೀರುಗಳನ್ನು ಕಪ್ಪಾಗಿಸಿದ್ದರು. ನನ್ನ ಪೆನ್ನಿನ ಮುಚ್ಚಳ ಇಂದಿಗೂ ಕೊಳವೆಗಿಂತ ಬಿಳಿಚಿಕೊಂಡಿದೆ. ಹುಣಸೆಹುಳಿ, ವಿಭೂತಿ, ಬೆಳ್ಳಿ ಅದ್ದಿ ತೆಗೆಯುವ ದ್ರಾವಣ, ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆಯ ಉಪಾಯ ಯಾವುದೂ ಬೇಡ. ಮೆತ್ತನೆಯ ಹತ್ತಿ ಬಟ್ಟೆಯಿಂದ ಮೇಲ್ಮೈಯನ್ನು ಒರೆಸಿದರೆ ಸಾಕು; ಗೀರಿನ ತಂಟೆಗೆ ಹೋಗಬೇಡಿ.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಬೆಳ್ಳಿಯ ಸಲ್ಫೈಡ್ ಪದರ ಕಟ್ಟುತ್ತದೆ. ರಬ್ಬರಿನಲ್ಲೂ ಉಣ್ಣೆಯಲ್ಲೂ ಗಂಧಕವಿದೆ. ಹಾಗಾಗಿ ಪೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ಉಣ್ಣೆ ಬಟ್ಟೆಯಲ್ಲಿ ಸುತ್ತಬೇಡಿ. ಒಳ್ಳೆಯ ಉಪಾಯವೆಂದರೆ ದಿನವೂ ಬರೆಯುವುದು. ಬೆರಳು ತಾಗಿದ ಕಡೆ ಹೊಳಪು ಉಳಿಯುತ್ತದೆ, ತಗ್ಗಿನಲ್ಲಿ ಕಪ್ಪು ನಿಲ್ಲುತ್ತದೆ. ಅಂಥ ಬೆಳ್ಳಿಯ ಚೆಂದ ಅಂಗಡಿಯ ಹೊಸ ಬೆಳ್ಳಿಗೆ ಬರುವುದಿಲ್ಲ.

ಶಾಯಿ, ಕಾಗದ

ಸ್ಟೇಷನರಿ ಅಂಗಡಿಯ ಸಾಧಾರಣ ರಾಯಲ್ ಬ್ಲೂ ಶಾಯಿ ಹಳೆಯ ಪೆನ್ನಿಗೆ ಹಿತ, ಸುಲಭವಾಗಿ ತೊಳೆದುಹೋಗುತ್ತದೆ. ಅದೇ ಕಾರಣಕ್ಕೆ ಅದರಲ್ಲಿ ಚೆಕ್ ಬರೆಯಬೇಡಿ. ಚಿತ್ರ ಬಿಡಿಸುವ ಇಂಡಿಯನ್ ಇಂಕ್ ಅನ್ನು ಯಾವ ಕಾರಣಕ್ಕೂ ತುಂಬಬೇಡಿ. ಅದರಲ್ಲಿನ ಅಂಟು ಒಣಗಿ ನಿಬ್ಬಿನ ಅಡಿಯ ನಾಲಿಗೆಯ ಸಣ್ಣ ಕಾಲುವೆಗಳನ್ನು ಮುಚ್ಚುತ್ತದೆ. ಆಮೇಲೆ ಎಷ್ಟು ನೀರಿಗೂ ಜಗ್ಗದು.

ತೆಳು ಕಾಗದದಲ್ಲಿ ಶಾಯಿ ಹರಡಿ ಹಿಂಬದಿಗೂ ಇಳಿಯುತ್ತದೆ. ತುಸು ದಪ್ಪನೆಯ, ನುಣುಪಾದ ಬಾಂಡ್ ಕಾಗದ ಇಟ್ಟುಕೊಳ್ಳಿ. ಆ ತಾಯಿಗೆ ವರ್ಷಕ್ಕೆರಡು ಬಾರಿ ಪತ್ರ ಬರೆಯುವುದು ನಾನು ಇಂಥ ಕಾಗದದ ಮೇಲೆಯೇ. ಈಗ ಅವರು ಮಗನ ಜೊತೆ ಬಂಗಾರಪೇಟೆಯಲ್ಲಿದ್ದಾರೆ. ಪತ್ರ ಬಂದ ದಿನ ಫೋನ್ ಮಾಡಿ ‘ಪೆನ್ನು ಚೆನ್ನಾಗಿದೆಯೇ?’ ಎಂದು ಮೊದಲು ಕೇಳುತ್ತಾರೆ.

ಜೇಬಿನಲ್ಲಿ ನಿಬ್ಬು ಮೇಲ್ಮುಖವಾಗಿರಲಿ. ತಿಂಗಳಿಗೊಮ್ಮೆ, ಶಾಯಿಯ ಬಣ್ಣ ಬದಲಿಸುವಾಗಲಂತೂ ತಪ್ಪದೆ, ತಣ್ಣೀರಿನಲ್ಲಿ ತೊಳೆಯಿರಿ. ನಮ್ಮ ಕೋಲಾರದ ಏಪ್ರಿಲ್ ಬಿಸಿಲಿಗೆ ಶಾಯಿ ಬೇಗ ಒಣಗುತ್ತದೆ. ಹತ್ತು ಹದಿನೈದು ದಿನ ಊರಿಗೆ ಹೋಗುವುದಿದ್ದರೆ, ಪೆನ್ನನ್ನು ಜೊತೆಗೆ ಒಯ್ಯದಿದ್ದರೆ, ಹೊರಡುವ ಹಿಂದಿನ ರಾತ್ರಿಯೇ ಶಾಯಿ ಚೆಲ್ಲಿ ತೊಳೆದು ಒಣಗಿಸಿಡಿ.